ಕೆಂಪು ಬೊಟ್ಟಿನ ಬಟನ್

ಪ್ಲೇ ಒತ್ತಿದ್ರ ಆಡಬೇಕು, ಸ್ಟಾಪ್ ಒತ್ತಿದ್ರ ನಿಂದ್ರಬೇಕು. ಇಷ್ಟು ಸಣ್ಣ ವಿಷಯಕ್ಕ ಇಷ್ಟುದ್ದ ಯಾಕ ಬರೀತಾನ ಇವನು ಅಂತ ನೀವು ಅನ್ನೋದು ನನಗ ಇಲ್ಲಿಗೇ ಕೇಳಸ್ತೈತಿ. ಪುರಸೊತ್ತಿಲ್ದೋರು ತಳ್ಳಿ ಮುಂದ ಹೋಗ್ರಿ, ನಂಗೇನೂ ಬ್ಯಾಸರಿಲ್ಲ. ಇದು ನಮ್ಮಕ್ಕನ ಧ್ವನಿ ವಿಷಯ. ಬರೀದೆ ಇರಾಕ ಆಗವಲ್ದು, ಅದಕ್ಕ ಬರ್ಯಾಕತ್ತೀನಿ.

ನಂದು ರಾಯದುರ್ಗ. ಬಸ್‌ಸ್ಟ್ಯಾಂಡ್ ಕಡಿ ಒಂದು ಮಹಡಿ ಮ್ಯಾಲ ಕಂಪ್ಯೂಟರ್ ಸೆಂಟರ್ ಇಟ್ಕೊಂಡೀನಿ. ಕೆಳಗ ಜೀನ್ಸ್ ಪ್ಯಾಂಟ್ ಹೊಲಿಯೋರು. ಅವರ ಮಷೀನ್ ಓಡಿದ್ರ ನಮ್ಮ ನೆಲ ಸಣ್ಣಗ ನಡುಗತೈತಿ, ಕೀಬೋರ್ಡ್ ಮ್ಯಾಲಿನ ಧೂಳು ಸುದ್ದಾ ಜರುಗತೈತಿ. ಡಿಗ್ರಿ ಓದೋರಿಗೆ ಜಾವಾ ಹೇಳ್ಕೊಡ್ತೀನಿ. ಸ್ಕ್ರೀನ್ ಮ್ಯಾಲ ಒಂದು ಕಿಟಕಿ ತೆರೆಯೋದು, ಅದರಾಗ ಬಟನ್ ಇಡೋದು, ಒತ್ತಿದ್ರ ಏನಾಗಬೇಕು ಅಂತ ಬರೆಯೋದು. "ಸಾರ್, ಈಗ ಎಲ್ಲಾ ಮೊಬೈಲ್‌ದಾಗ ಐತಿ, ಡೆಸ್ಕ್‌ಟಾಪಿಗೆ ಯಾರು ಪ್ರೋಗ್ರಾಂ ಬರೀತಾರ?" ಅಂತ ನಗ್ತಾರ. ಸಿಲಬಸ್‌ದಾಗ ಐತಿ, ಬಾಯಿ ಮುಚ್ಕೊಂಡು ಕಲೀರಿ ಅಂತೀನಿ. ಅದು ನನಗಾ ಬೇಕಾಗ್ತೈತಿ ಅಂತ ಕನಸಿನ್ಯಾಗೂ ಅಂದ್ಕೊಂಡಿರಲಿಲ್ಲ.

ಅಕ್ಕನ್ನ ಮಡಕಶಿರಕ್ಕ ಕೊಟ್ಟೀವಿ. ಇಲ್ಲಿಂದ ಹೋಗಬೇಕಂದ್ರ ಕಲ್ಯಾಣದುರ್ಗದಾಗ ಬಸ್ಸು ಬದ್ಲಿ ಮಾಡಬೇಕು, ಪಾವಗಡದಾಗ ಮತ್ತ ಬದ್ಲಿ ಮಾಡಬೇಕು. ಒಂದಾ ರಾಜ್ಯದ ಎರಡು ಊರು, ನಡುವ ಇನ್ನೊಂದು ರಾಜ್ಯ ಅಡ್ಡ ಮಲಗೈತಿ. ಅಕ್ಕನ ಮಾತೂ ಹಂಗಾ ಇತ್ತು. ಫೋನ್‌ದಾಗ ನನ್ನ ಕೂಡ "ಯಾಕೋ, ಊಟ ಆತೇನೋ, ದನಿ ಯಾಕ ಹಿಂಗೈತಿ?" ಅಂತ ಪಕ್ಕಾ ರಾಯದುರ್ಗದಾಗ ಮಾತಾಡಾಕಿ. ನಡುವ ಯಾರೋ ಬಾಗಿಲಿಗೆ ಬಂದ್ರ, ಫೋನ್ ಕಿವಿಯಿಂದ ತೆಗೀದೆ "ಬನ್ನಿ ಬನ್ನಿ, ಕುತ್ಕಳ್ಳಿ, ತಮ್ಮನ ಫೋನು" ಅಂತ ಮಡಕಶಿರಕ್ಕ ಹೊಳ್ಳಾಕಿ. ಇಬ್ಬರು ಅಕ್ಕಂದಿರು ಒಂದಾ ಮನ್ಯಾಗ ಇದ್ದಂಗ ಅನ್ನಿಸ್ತಿತ್ತು ನನಗ. ಒಬ್ಬಾಕಿ ನಂದು, ಇನ್ನೊಬ್ಬಾಕಿ ಆ ಊರಂದು.

ಆ ಅಕ್ಕಗ ಗಂಟಲಾಗ ಗಂಟಾತು. ಬೆಂಗಳೂರಾಗ ತೋರ್ಸಿದ್ವಿ. ಧ್ವನಿ ಪೆಟ್ಟಿಗೀನ ತೆಗೀಬೇಕು, ಇಲ್ಲಾಂದ್ರ ಮನುಷಳು ಉಳಿಯಂಗಿಲ್ಲ ಅಂದ್ರು. ಉಳೀಲಿ ಅಂದ್ವಿ. ಮತ್ತೇನನ್ನಬೇಕಿತ್ರಿ?

ಆಪರೇಷನ್ನಿಗಿಂತ ಮುಂಚೆ ನಾನು ಲ್ಯಾಪ್‌ಟಾಪು, ಒಂದು ಮೈಕು ತಗೊಂಡು ಮಡಕಶಿರಕ್ಕ ಓಡಿದೆ. ಅಕ್ಕನ ಮನ್ಯಾಗ ರೇಷ್ಮಿ ಹುಳ ಸಾಕ್ತಾರ. ರಸ್ತ್ಯಾಗ ಗಾಡಿ ಸದ್ದು, ಪಕ್ಕದ ಮನಿ ಟಿವಿ ಸದ್ದು, ಎಲ್ಲಿ ಕುಂತ್ರೂ ರೆಕಾರ್ಡಿಂಗ್ ಕೆಡಾಕತ್ತಿತ್ತು. ಕಡೀಗೆ ಅಕ್ಕ, "ಬಾ, ಹುಳದ ಮನ್ಯಾಗ ಮಾಡು, ಅಲ್ಲಿ ಯಾರೂ ಬರಂಗಿಲ್ಲ" ಅಂದ್ಲು. ಹೊರಗಿನೋರನ್ನ ಅಲ್ಲಿಗೆ ಬಿಡಾಕಿ ಅಲ್ಲ ಆಕಿ. ನನ್ನ ಕೈಕಾಲು ತೊಳೆಸಿ, ತಲಿಗೆ ಹಚ್ಚಿದ್ದ ಎಣ್ಣಿ ವಾಸನಿ ನೋಡಿ, ಬೈದು ಒಳಗ ಬಿಟ್ಲು.

ಬಾಗಿಲು ಹಾಕಿದ್ರ ಹೊರಗಿನ ಸದ್ದು ನಿಂತ್ಹೋತು. ಆದ್ರ ಒಳಗ ಹುಳ ಸೊಪ್ಪು ಮೇಯೋ ಸದ್ದು. ತಗಡಿನ ಮ್ಯಾಲ ಸಣ್ಣ ಮಳಿ ಹಿಡದಂಗ. ಇರಲಿ ಬಿಡು ಅಂದೆ.

"ಏನು ಹೇಳ್ಲೋ?"

"ಏನಾರ ಹೇಳು. ಸಣ್ಣಾಕಿದ್ದಾಗಿನ ಮಾತು ಹೇಳು. ನನ್ನ ಬೈ."

"ನಿನ್ನ ಬೈಯಾಕ ಇರೋ ಧ್ವನೀನ ಖರ್ಚು ಮಾಡ್ಲೇನು? ಉಪಯೋಗಕ್ಕ ಬರೋದು ಹೇಳ್ತೀನಿ ತಡಿ."

ಹಂಗಂದು ಶುರು ಮಾಡಿದ್ಲು. "ಹಾಲು ಇವತ್ತು ಬೇಡ." "ಚಪ್ಲಿ ಬಿಟ್ಟು ಬನ್ನಿ, ಹುಳ ಅವೆ." "ಸೊಪ್ಪು ಒದ್ದೆ ಐತೆ, ಆರಾಕಿ." ಎಲ್ಲಾ ಮಡಕಶಿರದ ಮಾತು, ಎಲ್ಲಾ ಕೆಲಸದ ಮಾತು. ನನಗ ಒಳಗೊಳಗ ಸಿಟ್ಟು. ನಾನು ಅಷ್ಟು ದೂರದಿಂದ ಹೋದದ್ದು ಒದ್ದಿ ಸೊಪ್ಪಿನ ಸಮಾಚಾರ ಕೇಳಾಕೇನ್ರಿ?

ಆಮ್ಯಾಲ ಸೆರಗು ಸರಿ ಮಾಡ್ಕೊಂಡ್ಲು. ಮೈಕ್ ಕಡಿ ನೋಡಿ, ಬಾಗಿಲಾಗ ಯಾರೋ ನಿಂತಾರ ಅನ್ನೋಹಂಗ ನಕ್ಕು, "ನಮ್ಮ ಹುಡ್ಗಿ ಮದ್ವೆ ಇಟ್ಕಂಡಿದೀವಮ್ಮ. ಚಪ್ರದ ದಿನಾನೂ ಬರ್ಬೇಕು, ಧಾರೆಗೂ ಬರ್ಬೇಕು. ಮನೆಮಂದೆಲ್ಲಾ ಬರ್ಬೇಕು. ಆವತ್ತು ನಿಮ್ಮನೇಲಿ ಒಲೆ ಹಚ್ಚಂಗಿಲ್ಲ ನೋಡಿ ಮತ್ತೆ" ಅಂದ್ಲು. ತಡೀದೆ ಅದನ್ನಾ ತೆಲುಗಿನ್ಯಾಗ ಅಂದ್ಲು, "ಮಾ ಪಿಲ್ಲ ಪೆಳ್ಳಿ ಪೆಟ್ಟುಕುನ್ನಾಮಮ್ಮಾ, ಇಂಟಿಲ್ಲಿಪಾದೀ ರಾವಾಲ."

"ಯಕ್ಕಾ, ನಿನ್ನ ಮಗಳಿಗೆ ಇನ್ನಾ ಗಂಡು ಸುದ್ದಾ ಗೊತ್ತಾಗಿಲ್ಲ" ಅಂದೆ.

"ಗಂಡು ಗೊತ್ತಾಗೋತನ ನನ್ನ ಗಂಟಲು ಕಾಯ್ತೈತೇನು?"

ರೆಕಾರ್ಡಿಂಗ್ ನಿಲ್ಲಿಸಿದೆ. ನಿಲ್ಲಿಸಿದ ಮ್ಯಾಲ ಕೇಳಿದೆ, "ನನ್ನ ಕರೆಯೋದು? ನಂಗೊಂದು ಹೇಳಿಡು."

ಅಕ್ಕ ಎದ್ದು ಸೊಪ್ಪಿನ ಬುಟ್ಟಿ ಎತ್ಕೊಂಡು, "ನಿನ್ನ ಕರೆಯೋದೇನು? ನೀನು ಸೋದರಮಾವ. ಕರೀದಿದ್ರೂ ಬರ್ತೀ, ಬಂದು ಕೆಲಸ ಮಾಡ್ತೀ. ಹೋಗು, ಹೊರಗ ಗಾಳೀಗೆ ಕುಂದ್ರು, ಹುಳಕ್ಕ ನಿನ್ನ ಎಣ್ಣಿ ವಾಸನಿ ಆಗಂಗಿಲ್ಲ" ಅಂದ್ಲು.

ನನ್ನ ಕೂಡ ಆಕಿ ಜಗಳಾಡಿದ ರಾಯದುರ್ಗದ ಮಾತು ಒಂದೂ ರೆಕಾರ್ಡ್ ಆಗ್ಲಿಲ್ಲ. ಆ ಊರಿನ ಅಕ್ಕ ಪೆಟ್ಟಿಗ್ಯಾಗ ಉಳದ್ಲು. ನನ್ನಾಕಿ ಉಳೀಲಿಲ್ಲ.

ಆಪರೇಷನ್ ಆತು, ಅಕ್ಕ ಗಟ್ಟ್ಯಾಗ್ಯಾಳ. ಕುತ್ತಿಗ್ಯಾಗ ಒಂದು ತೂತು, ಅದರಿಂದಾ ಉಸಿರು. ಮ್ಯಾಲ ತೆಳ್ಳಗ ಬಟ್ಟಿ ಕಟ್ಕೊಂತಾಳ. ಬಾಯಿಂದ ಗಾಳೀನಾ ಬರಂಗಿಲ್ಲ, ಪಿಸುಮಾತು ಸುದ್ದಾ ಇಲ್ಲ. ನಾನು ಫೋನ್ ಮಾಡಿದ್ರ ಬಾವ ಸ್ಪೀಕರ್ ಹಾಕಿ ಹಿಡೀತಾನ, ಅಕ್ಕ ಕೈಯಾಗಿನ ಬಳಿ ಅಲ್ಲಾಡಿಸ್ತಾಳ. ನಾನು ಒಬ್ಬನಾ ಮಾತಾಡ್ತೀನಿ, ಅತ್ಲಾಗಿಂದ ಬಳಿ ಸದ್ದು. ಒಂದೊಂದು ದಿನ ಏನೂ ಹೇಳಾಕ ಇರಂಗಿಲ್ಲ, ಆದ್ರೂ ಫೋನ್ ಇಡಾಕ ಮನಸಾಗಂಗಿಲ್ಲ. "ಇಲ್ಲಿ ಬಿಸಿಲು ಭಾಳ ಐತಿ" ಅಂತೀನಿ. ಬಳಿ.

ಒಂದು ವರ್ಷ ದಾಟಿದ ಮ್ಯಾಲ ಅಕ್ಕನ ಮಗಳಿಗೆ ಗಂಡು ಗೊತ್ತಾತು. ಖುಷಿ ಸುದ್ದಿ ಬಂದ ಬೆನ್ನಿಗೇ ತಕರಾರು ಬಂತು. ಅಲ್ಲಿ ಒಂದು ಪದ್ಧತಿ. ಮದುವಿ ಕಾರ್ಡ್ ಏನಿದ್ರೂ ಗಂಡಸರ ಕೈಗೆ, ಅಂಗಡಿಗೆ, ಆಫೀಸಿಗೆ. ಓಣಿಯಾಗಿನ ಹೆಣ್ಮಕ್ಕಳನ್ನ ಮಾತ್ರ ಮದುಮಗಳ ತಾಯೀನಾ ಹೋಗಿ, ಬಾಗಿಲಾಗ ನಿಂತು, ಕುಂಕುಮ ಕೊಟ್ಟು ಬಾಯಿಬಿಟ್ಟು ಕರೀಬೇಕು. ಬರೇ ಕಾರ್ಡ್ ಕೊಟ್ಟುಹೋದ್ರ ಬರಂಗಿಲ್ಲ. ಬ್ಯಾರೆಯೋರ ಕೈಲಿ ಹೇಳಿ ಕಳಿಸಿದ್ರೂ ಬರಂಗಿಲ್ಲ. ಬಂದ್ರೂ ಊಟ ಮಾಡಿ ಹೋಗ್ತಾರ, ಹಸಿ ಚಪ್ಪರದಾಗ ಕುಂತು ಹಾಡಂಗಿಲ್ಲ.

"ಪರಿಸ್ಥಿತಿ ಎಲ್ರಿಗೂ ಗೊತ್ತಲ್ಲಪ್ಪ, ಕಾರ್ಡ್ ಕೊಟ್ರಾಯ್ತು" ಅಂದ ಬಾವ. ಅಕ್ಕನ ವಾರಗಿತ್ತಿ, ಅಂದ್ರ ಬಾವನ ತಮ್ಮನ ಹೆಂಡ್ತಿ, ಅಲ್ಲೇ ಪಕ್ಕದ ಮನಿ, ಆಯಮ್ಮ "ಅಕ್ಕ ಪಕ್ಕದಾಗೆ ನಿಂತ್ಕಂಡಿರ್ಲಿ, ನಾನು ಕರೀತೀನಿ, ನನ್ ಬಾಯಿಗೇನು ಬರ" ಅಂದ್ಲು. ಅದೊಂದು ನಿಜ, ಆ ಬಾಯಿಗೆ ಬರ ಇಲ್ಲ. ಅಕ್ಕ ಎರಡಕ್ಕೂ ತಲಿ ಅಲ್ಲಾಡಿಸಿದ್ಲು. ತಾನಾ ಕರೀಬೇಕು. ಯಾವ ಮಾತು ಹೇಳಾಕಂತ ಹುಳದ ಮನ್ಯಾಗ ಸೆರಗು ಸರಿ ಮಾಡ್ಕೊಂಡು ಕುಂತಿದ್ಲೋ, ಆ ಮಾತು ತಾನಾ ಹೇಳಬೇಕು.

ಅಕ್ಕನ ಮಗಳು ಫೋನ್ ಮಾಡಿದ್ಲು. "ಮಾವ, ಅಮ್ಮಂಗೆ ನಿಮ್ಮ ಲ್ಯಾಪ್‌ಟಾಪ್ ಬೇಕಂತೆ. ನೀವು ಕಳ್ಸಿದ್ದ ರೆಕಾರ್ಡಿಂಗು ಮೊಬೈಲಲ್ಲಿ ಆಗ್ತಾ ಇಲ್ಲ."

ಮೊಬೈಲ್‌ದಾಗ ಯಾಕ ಆಗಂಗಿಲ್ಲ ಅಂತ ನೀವು ಕಮೆಂಟ್ ಹಾಕೋಕಿಂತ ಮುಂಚೆ ನಾನಾ ಹೇಳ್ತೀನಿ. ಅಕ್ಕನ ಬೆರಳು ಸೊಪ್ಪು ಕೊಯ್ದು, ಹುಳದ ಮ್ಯಾಲ ಸುಣ್ಣದ ಪುಡಿ ಉದುರಿಸಿ ಉದುರಿಸಿ ಬಿರುಸಾಗ್ಯಾವ. ರೇಷನ್ ಅಂಗಡಿ ಮಷೀನು ಆಕಿ ಹೆಬ್ಬೆಟ್ಟು ತಗೊಳ್ಳಂಗಿಲ್ಲ. ಮೊಬೈಲ್ ಗಾಜೂ ಅಷ್ಟಾ, ಆ ಬೆರಳನ್ನ ಬೆರಳು ಅಂತ ಒಪ್ಪಂಗಿಲ್ಲ. ಒತ್ತಿ ಒತ್ತಿ ಇಟ್ರೂ ಸುಮ್ನಿರ್ತೈತಿ, ಒಪ್ಪಿದ ದಿನ ಇನ್ಯಾವುದೋ ತೆರೀತೈತಿ. ಪಕ್ಕದ ಮನ್ಯಾಗ ಪರೀಕ್ಷೆ ಮಾಡಾಕ ಹೋದಾಗ ಕರೆಯೋ ಮಾತಿನ ಬದ್ಲಿ ಹಲ್ಲುಪುಡಿ ಜಾಹೀರಾತು ಕೂಗಿತಂತ. ಅಕ್ಕಗ ಬೇಕಾಗಿದ್ದು ಒತ್ತಿದ್ರ ಟಕ್ ಅಂತ ಇಳಿಯೋ ಬಟನ್. ಅಂದ್ರ ಕೀಬೋರ್ಡ್. ಅಂದ್ರ ನಮ್ಮ ಹುಡುಗೂರು ನಗ್ತಾರಲ್ಲ, ಆ ಡೆಸ್ಕ್‌ಟಾಪ್ ಪ್ರೋಗ್ರಾಂ.

ಬರಿಯಾಕ ಕುಂತೆ. ಜಾವಾದಾಗ ಆಡಿಯೋ ವಿಡಿಯೋ ಆಡಿಸಾಕ ಒಂದು ಮೀಡಿಯಾ ಕಂಟ್ರೋಲ್ ಬರ್ತೈತಿ. ಅದು ಮೂರು ತುಂಡು. ಏನು ಆಡಬೇಕೋ ಆ ಫೈಲ್ ಒಂದು, ಅದನ್ನ ಆಡಿಸೋ ಪ್ಲೇಯರ್ ಒಂದು, ಸ್ಕ್ರೀನ್ ಮ್ಯಾಲ ತೋರಿಸೋ ಚೌಕಟ್ಟು ಒಂದು. ಕ್ಲಾಸಿನ್ಯಾಗ ಇದನ್ನ ಎಷ್ಟು ಸಲ ಹೇಳೀನೋ. ಧ್ವನಿ ಅಷ್ಟಾ ಇದ್ರ ಕಡೇದು ಬ್ಯಾಡ, ಮುಖ ಇಲ್ದೇನೂ ಪ್ಲೇಯರ್ ಆಡ್ತೈತಿ ಅಂತ ಹೇಳ್ತಿದ್ದೆ. ಈ ಸಲ ನಾನಾ ಅದನ್ನ ಮಾಡೋಮುಂದ ಕೈ ನಿಂತ್ಹೋತು. ಮುಖ ಅಕ್ಕನ ಹತ್ರ ಐತಿ. ಧ್ವನಿ ನನ್ನ ಲ್ಯಾಪ್‌ಟಾಪ್‌ದಾಗ ಐತಿ. ಎರಡೂ ಕೂಡಸಾಕ ಯಾವ ಟೂಲ್‌ಕಿಟ್ಟಿನ್ಯಾಗೂ ಏನೂ ಇಲ್ಲ.

ಒಂದೊಂದು ಮಾತಿಗೆ ಒಂದೊಂದು ಪ್ಲೇಯರ್ ಮಾಡಿ, ಒಂದೊಂದು ಕೀಗೆ ಕಟ್ಟಿದೆ. ಪ್ರೋಗ್ರಾಂ ತೆರೆದ ಕೂಡ್ಲೇ ಎಲ್ಲಾ ಫೈಲ್ ಓದಿಕೊಂಡು ತಯಾರಾಗಿ ಕುಂದ್ರಬೇಕು, ಇಲ್ಲಾಂದ್ರ ಒತ್ತಿದ ಮ್ಯಾಲ ತಡಾ ಆಗ್ತೈತಿ. ಬಾಗಿಲಾಗ ನಿಂತಾಕಿ ಕಾಯಬಾರದಲ್ಲ. ಎಲ್ಲಾ ಮಾಡಿದೆ. ಒಂದೊಂದು ಕೀ ಒತ್ತಿ ನೋಡಿದೆ. ಅಕ್ಕ ಮಾತಾಡಿದ್ಲು, ಹಿಂದ ಹುಳ ಮೇಯೋ ಸದ್ದು. ಒಂದೊಂದನ್ನ ಒಂದಾ ಸಲ ಒತ್ತಿದೆ ನೋಡ್ರಿ. ಇನ್ನೊಂದು ಸಲ ಒತ್ತಾಕ ಬೆರಳು ಏಳಲಿಲ್ಲ. ಆಡ್ತೈತಿ, ಸಾಕು ಅಂತ ಮುಚ್ಚಿಟ್ಟೆ.

ಮಡಕಶಿರಕ್ಕ ಹೋದ ಮ್ಯಾಲ ಅಕ್ಕನ ಮಗಳು ಕೀಗಳ ಮ್ಯಾಲ ಹಣಿಗೆ ಹಚ್ಕೊಳ್ಳೋ ಬೊಟ್ಟು ಅಂಟಿಸಿದ್ಲು. ಕನ್ನಡದಾಗ ಕರೆಯೋದಕ್ಕ ದೊಡ್ಡ ಕೆಂಪು ಬೊಟ್ಟು. ತೆಲುಗಿನ ಮನಿಗೆ ಹಸಿರು ಬೊಟ್ಟು. "ಹಾಲು ಬೇಡ"ಕ್ಕ ಸಣ್ಣ ಕರೀದು. ಅಕ್ಕ ಲ್ಯಾಪ್‌ಟಾಪ್‌ನ ಒಂದು ಸುತ್ತು ನೋಡಿ, ಒಳಗ ಹೋಗಿ ಹಿತ್ತಾಳಿ ಹರಿವಾಣ ತಂದ್ಲು. ಕುಂಕುಮದ ಬಟ್ಲು, ಅರಿಷಿಣ, ಎಲಿ ಅಡಿಕಿ, ನಡುವ ಲ್ಯಾಪ್‌ಟಾಪು. ಹರಿವಾಣ ಹಿಡಿಯಾಕ ವಾರಗಿತ್ತಿ.

"ಇದೇನಮ್ಮ ಇದು, ದೇವ್ರನ್ನ ಹೊತ್ಕಂಡೋದಂಗೆ ಐತೆ" ಅಂದ್ಲು ಆಯಮ್ಮ. "ಕೈ ಬಿಟ್ಟೀಯ ಯಕ್ಕಾ, ನನ್ನ ಜೀವನ ಅದು" ಅಂದೆ ನಾನು. ಸ್ಪೀಕರ್ ಚೀಲ ಹೆಗಲಿಗೆ ಹಾಕ್ಕೊಂಡು ಹಿಂದ ಹೊಂಟೆ. ಗಂಡಸರು ಹಿಂಗ ಹೋಗೋದಿಲ್ಲ ಅಲ್ಲಿ. ಓಣಿ ಮಂದಿ ಎಲ್ಲಾ ನನ್ನಾ ನೋಡಾಕತ್ತಿದ್ರು.

ಮೊದಲನೇ ಮನಿ ಕನ್ನಡದೋರದು. ಅಕ್ಕ ಕುಂಕುಮ ಕೊಟ್ಲು, ಕೆಂಪು ಬೊಟ್ಟು ಒತ್ತಿದ್ಲು. "ನಮ್ಮ ಹುಡ್ಗಿ ಮದ್ವೆ ಇಟ್ಕಂಡಿದೀವಮ್ಮ..." ಆ ಮನಿಯಾಕಿ ಕೈಯಾಗಿನ ಕುಂಕುಮ ಹಂಗಾ ಹಿಡ್ಕೊಂಡು ನಿಂತ್ಬಿಟ್ಲು. ಅಕ್ಕನ ಧ್ವನಿ ಕೇಳಿ ವರ್ಷ ದಾಟಿತ್ತಲ್ಲ ಆ ಓಣಿಗೆ. ಒಳಗಿಂದ ಆಕಿ ಸೊಸಿ ಓಡಿ ಬಂದ್ಲು, "ಅತ್ತೆ, ಅವ್ರಿಗೆ ಮಾತು ಬಂತಾ?" ಅಂತ. ಎರಡನೇ ಮನಿ ತೆಲುಗಿನೋರು. ಹಸಿರು ಬೊಟ್ಟು. "ವಸ್ತಾಮಮ್ಮಾ, ತಪ್ಪಕುಂಡಾ ವಸ್ತಾಮು", ತಪ್ಪದಾ ಬರ್ತೀವಿ ಅಂತ ಆ ಮನಿಯಾಕಿ ಅಕ್ಕನ ಎರಡೂ ಕೈ ಹಿಡ್ಕೊಂಡ್ಲು. ನಾನು ಹಿಂದ ನಿಂತು ದೊಡ್ಡ ಇಂಜಿನಿಯರ್‌ನಂಗ ಎದಿ ಉಬ್ಬಿಸಿಕೊಂಡೆ.

ಮೂರನೇದು ಅಜ್ಜಿ ಮನಿ. ದಾರಿಯಾಗ ವಾರಗಿತ್ತಿ ಹೇಳಿದ್ಲು, "ಈ ಅಜ್ಜಿ ಸಾಮಾನ್ಯ ಅಲ್ಲ ಕಣಪ್ಪ. ನಮ್ಮ ಗೃಹಪ್ರವೇಶಕ್ಕೆ ಅವರ ಮಗನ ಕೈಲಿ ಹೇಳ್ಕಳ್ಸಿದ್ವಿ ಅಂತ ಬರ್ಲೇ ಇಲ್ಲ. ಬೀದಿಲಿ ಮೊದ್ಲು ಹಾಡು ಎತ್ತೋದು ಅವ್ರೇ. ಅವ್ರು ಬರ್ಲಿಲ್ಲ ಅಂದ್ರೆ ಚಪ್ರ ಸಪ್ಪೆ." ಅಕ್ಕ ಮುಂದ ಹೋಗ್ತಿದ್ದಾಕಿ ತಿರುಗಿ ನನ್ನ ಕಡಿ ನೋಡಿದ್ಲು. ಆ ನೋಟ ನನಗ ಗೊತ್ತು. ಈ ಮನಿಗೋಸ್ಕರಾನಾ ಆಕಿ ಇಷ್ಟು ಹಟ ಹಿಡಿದಿದ್ದು.

ಅಜ್ಜಿ ಬಾಗಿಲಿಗೆ ಬಂದ್ರು. ಅಕ್ಕ ಕುಂಕುಮ ಕೊಟ್ಲು. ಕೆಂಪು ಬೊಟ್ಟು ಒತ್ತಿದ್ಲು.

ಸದ್ದಿಲ್ಲ.

ಮತ್ತ ಒತ್ತಿದ್ಲು. ಇಲ್ಲ. ಹಸಿರು ಒತ್ತಿದ್ಲು. ಅದೂ ಇಲ್ಲ. ಸ್ಪೀಕರ್ ವೈರ್ ನೋಡಿದೆ, ಸರಿ ಐತಿ. ಚಾರ್ಜ್ ಐತಿ. ಅಕ್ಕನ ಬೆರಳು ಆ ಕೆಂಪು ಬೊಟ್ಟಿನ ಮ್ಯಾಲ ಟಕ್ ಟಕ್ ಟಕ್ ಅಂತ ಬೀಳಾಕತ್ತಿತ್ತು, ಒಂದೊಂದು ಸಲಕ್ಕೂ ಇನ್ನಾ ಜೋರಾಗಿ. ಬಾಯಿ ತಾನಾ ತೆರೀತು, ಮತ್ತ ಮುಚ್ಚಿಕೊಂತು. ಕುತ್ತಿಗಿ ಮ್ಯಾಲಿನ ಬಟ್ಟಿ ಒಳಗ ಹೊರಗ ಆಗಾಕತ್ತಿತ್ತು. ಅಷ್ಟೊಂದು ಉಸಿರು, ಒಂದು ಮಾತೂ ಇಲ್ಲ.

ವಾರಗಿತ್ತಿ ತಡೀಲಿಲ್ಲ. "ಅಜ್ಜಿ, ಮಿಷನ್ನು ಕೆಟ್ಟೈತೆ. ನಾನೇ ಕರೀತೀನಿ ತಗಳ್ಳಿ, ನಮ್ಮ ಹುಡ್ಗಿ..."

"ನೀನ್ಯಾಕೆ ಕರೀತೀಯೆ? ಮದ್ವೆ ನಿನ್ ಮಗಳ್ದಾ?" ಅಂದ್ರು ಅಜ್ಜಿ.

"ಹಂಗಲ್ಲ ಅಜ್ಜಿ, ಅಕ್ಕನ ಪರಿಸ್ಥಿತಿ ನಿಮಗೂ ಗೊತ್ತೈತಲ್ಲ, ಅದೊಂದು ನೋಡ್ಕಂಡು..."

"ಏನು ನೋಡ್ಕಳಾದು? ಆಗ್ಲೆ ಆಚೆ ಮನೇಲಿ ಕರದ್ಲಲ್ಲ, ನನ್ ಕಿವಿಗೆ ಬಿತ್ತು. ಅಲ್ಲಿ ಕರದೋಳು ಇಲ್ಲಿ ಯಾಕೆ ಕರೀಬಾರ್ದು? ಕುತ್ಕಳ್ರಿ ಎಲ್ಲ. ಸರಿ ಮಾಡ್ಕಂಡೇ ಕರೀಲಿ. ನಂಗೇನು ಹಿಂದೂಪುರದ ಬಸ್ಸು ತಪ್ಪೋಗ್ತೈತಾ?"

ಅಜ್ಜಿ ಕುಂಕುಮ ಹಣಿಗೆ ಇಟ್ಕೊಳ್ಳಲಿಲ್ಲ. ಬೆರಳ ತುದೀಗೆ ಹಿಡ್ಕೊಂಡಾ ಹೊಸ್ತಿಲ ಒಳಗ ಕುಂತ್ರು. ನನಗ ಮೊದಲು ಸಿಟ್ಟು ಬಂತು, ಎಂಥಾ ಕಲ್ಲು ಮುದುಕಿ ಇದು ಅಂತ. ಆಮ್ಯಾಲ ಅಕ್ಕನ ಮುಖ ನೋಡಿದೆ. ಎಲ್ಲಾರೂ ಒಂದು ವರ್ಷದಿಂದ ಆಕಿಗೆ "ಪರ್ವಾಗಿಲ್ಲ ಬಿಡಮ್ಮ" ಅಂತ ಬಂದಿದ್ರು. ಹಾಲಿನೋನು ಪರ್ವಾಗಿಲ್ಲ, ಬಾವ ಪರ್ವಾಗಿಲ್ಲ, ನಾನೂ ಪರ್ವಾಗಿಲ್ಲ. ಈ ಅಜ್ಜಿ ಒಬ್ರಾ ಹಂಗನ್ನಲಿಲ್ಲ. ನೀನು ಕರೆಯೋಳು, ಕರಿ ಅಂತ ಕುಂತ್ರು. ಅಕ್ಕ ಕಣ್ಣು ಒರಸ್ಕೊಂಡು, ಜಗಲಿ ಮ್ಯಾಲ ಕುಂತು, ನನಗ ಕೈ ಮಾಡಿದ್ಲು. ಮಾಡು, ಬೇಗ ಮಾಡು ಅಂತ.

ನಾನು ಅಜ್ಜಿ ಮನಿ ಜಗಲಿ ಮ್ಯಾಲ ಚಕ್ಕಂಬಕ್ಕಳ ಹಾಕಿ ಕುಂತು ಪ್ರೋಗ್ರಾಂ ಬಿಚ್ಚಿದೆ. ಪ್ಲೇಯರ್ ಯಾವ ಸ್ಥಿತಿಯಾಗ ಐತಿ ಅಂತ ಅದನ್ನಾ ಕೇಳಿದ್ರ ಹೇಳ್ತೈತಿ. ಕೇಳಿದೆ. ಅದೇನು ಹೇಳಿತು ಗೊತ್ತೇನ್ರಿ? "ಆಡ್ತಾ ಐತಿ" ಅಂತು. ಮಾತು ಯಾವಾಗೋ ಮುಗದೈತಿ. ಕಡೀ ಅಕ್ಷರ ಮೊದಲನೇ ಮನಿ ಬಾಗಿಲಾಗಾ ಬಿದ್ದೈತಿ. ಆದ್ರ ಪ್ಲೇಯರ್ ತುದೀಗೆ ಬಂದು ನಿಂತು, ತಾನಿನ್ನಾ ಆಡ್ತಾನಾ ಇದೀನಿ ಅಂತ ತಿಳ್ಕೊಂಡು ಕುಂತೈತಿ. ಆಡೋದಕ್ಕ ಮತ್ತ ಆಡು ಅಂದ್ರ ಅದು ಯಾಕ ಆಡ್ತೈತಿ? ಮೊದಲು ನಿಲ್ಲಿಸಬೇಕು. ನಿಲ್ಲಿಸಿದ್ರ ಮಾತ್ರ ಶುರುವಿಗೆ ಹೊಳ್ಳಿ ಬರ್ತೈತಿ. ಆಮ್ಯಾಲ ಆಡು ಅನ್ನಬೇಕು.

ಎರಡನೇ ಸಲ ಒತ್ತಿ ನೋಡಿದ್ದಿದ್ರ ಈ ತಪ್ಪು ಅವತ್ತಾ ರಾಯದುರ್ಗದಾಗಾ ಸಿಗ್ತಿತ್ತು. ಯಾರೂ ಒತ್ತಲಿಲ್ಲ.

ಒಂದು ಸಾಲು ಸೇರಿಸಿದೆ. ಕೀ ಒತ್ತಿದ್ರ ಮೊದಲು ಸ್ಟಾಪ್, ಆಮ್ಯಾಲ ಪ್ಲೇ. ಈಗ ಪರೀಕ್ಷೆ ಮಾಡಬೇಕಲ್ಲ. ಒತ್ತಿದೆ. ಅಕ್ಕ ಕರದ್ಲು. ಮುಗೀತು. ಎರಡನೇ ಸಲ ಒತ್ತಿದೆ. ಅಕ್ಕ ಕರದ್ಲು. ಅದಾ ಮಾತು, ಅದಾ ನಗು, "ನೋಡಿ ಮತ್ತೆ" ಅನ್ನೋದರಾಗಿನ ಅದಾ ಎಳೆತ. ಹಿಂದ ಹುಳ ಮೇಯಾಕತ್ತಾವ. ಪಕ್ಕದಾಗ ಅಕ್ಕ ಕುಂತಾಳ, ತುಟಿ ಮುಚ್ಚೈತಿ. ಇನ್ನೊಂದು ಸಲ ಒತ್ತಿದೆ. ಆಮ್ಯಾಲ ಒತ್ತಿದ್ದು ಪರೀಕ್ಷೆಗಲ್ಲ.

"ಏನಪ್ಪಾ, ಎಷ್ಟು ಸಲ ಕರೀತೀರ?" ಒಳಗಿಂದ ಅಜ್ಜಿ. "ಒಂದೇ ಮದ್ವೆ ತಾನೆ?"

"ಟೆಸ್ಟಿಂಗ್ ಅಜ್ಜಿ."

"ಎಂತಾ ಟೆಸ್ಟೋ. ನಿನ್ ಟೆಸ್ಟಿಗೆಲ್ಲ ನಾನು ಬರಾಕಾಗಲ್ಲ. ಅವ್ಳು ಎದ್ದು ಬಂದು ಬಾಗ್ಲಲ್ಲಿ ನಿಂತು ಕರೀಲಿ."

ಅಕ್ಕ ಎದ್ಲು. ಸೆರಗು ಸರಿ ಮಾಡ್ಕೊಂಡ್ಲು, ಹುಳದ ಮನ್ಯಾಗ ಮಾಡ್ಕೊಂಡಂಗಾ. ಬಾಗಿಲಾಗ ನಿಂತು ಕೆಂಪು ಬೊಟ್ಟು ಒತ್ತಿದ್ಲು. ಮಾತು ಪೂರ್ತಿ ಬಂತು. ಅಜ್ಜಿ ಲ್ಯಾಪ್‌ಟಾಪ್ ಕಡಿ ತಿರುಗಿ ಸುದ್ದಾ ನೋಡಲಿಲ್ಲ, ಅಕ್ಕನ ಕಣ್ಣಾಗಾ ನೋಡ್ತಾ ಕೇಳಿದ್ರು. ಮುಗಿದ ಮ್ಯಾಲ ಕುಂಕುಮ ಹಣಿಗೆ ಇಟ್ಕೊಂಡು, "ಆಯ್ತು ಕಣವ್ವ. ಒಲೆ ಹಚ್ಚಲ್ಲ ಬಿಡು" ಅಂದ್ರು.

ವಾರಗಿತ್ತಿ ಮೂಗು ಸೀಟಿಕೊಂಡ್ಲು. ಹರಿವಾಣ ಅಲ್ಲಾಡಿತು. ಲ್ಯಾಪ್‌ಟಾಪ್ ಹಿಡಿ ಯಕ್ಕಾ ಅಂತ ನಾನು ಬಾಯಿ ಬಡ್ಕೊಂಡೆ.

ಆಮ್ಯಾಲ ಎಲ್ಲೂ ತೊಂದ್ರಿ ಆಗಲಿಲ್ಲ. ಬಿಸಿಲು ಇಳಿಯೋತನ ಓಣಿ ಓಣಿ ತಿರುಗಿದ್ವಿ. ಒಬ್ಬಾಕಿ ಕೇಳಿದ್ಲು, "ಮಳೆ ಬರೋವಾಗ ಮಾಡಿದ್ದಾ ಇದು?" ಮಳಿ ಅಲ್ಲಮ್ಮ, ಹುಳ ಅಂದೆ. ಪ್ರತಿ ಬಾಗಿಲಾಗೂ ಅದಾ ಮಾತು ಕೇಳಿ ಕೇಳಿ ನನಗ ಬಾಯಿಪಾಠ ಆತು. ಖುಷಿ ಆಗಬೇಕು, ಆತೂ ಖರೆ. ಆದ್ರ ನಮ್ಮಕ್ಕ ಹಿಂಗ ಎಲ್ರಿಗೂ ಒಂದಾ ಮಾತು ಹೇಳಾಕಿ ಆಗಿದ್ಲೇನ್ರಿ? ಒಬ್ಬಾಕಿಗೆ "ನೀನು ಬರ್ಲಿಲ್ಲ ಅಂದ್ರೆ ನೋಡು" ಅಂತ ಗದರಸ್ತಿದ್ಲು, ಇನ್ನೊಬ್ಬಾಕಿ ಕೂಸಿನ ಗಲ್ಲ ಹಿಂಡ್ತಿದ್ಲು, ಮತ್ತೊಬ್ಬಾಕಿ ಅತ್ತಿ ಮ್ಯಾಲ ಚಾಡಿ ಕೇಳಿಸ್ಕೊಂಡು ಅರ್ಧ ತಾಸು ಅಲ್ಲೇ ನಿಂದ್ರತಿದ್ಲು. ಪ್ಲೇಯರ್‌ಗೆ ಅದೆಲ್ಲಾ ಎಲ್ಲಿಂದ ಬರಬೇಕು? ಅದಕ್ಕ ಹೇಳಿದ್ದನ್ನ ಅದು ಹೇಳ್ತೈತಿ. ಹೇಳದಾ ಉಳಿದಿದ್ದನ್ನ ಯಾವ ಕೀಗೆ ಕಟ್ಟಬೇಕು ಅಂತ ನಾನು ಹಿಂದಿಂದ ನಡೀತಾ ಯೋಚ್ನಿ ಮಾಡ್ತಿದ್ದೆ.

ಮನಿ ಗೇಟಿಗೆ ಬಂದ್ವಿ. ವಾರಗಿತ್ತಿ ಹರಿವಾಣನ ಜಗಲಿ ಮ್ಯಾಲ ಇಟ್ಟು, ಕೈ ಬಿದ್ದೋಯ್ತು ಅಂತ ಬೈಕೊಂತ ತನ್ನ ಮನಿಗೆ ಹೋದ್ಲು. ನಾನು ಚಪ್ಪಲಿ ಬಿಡಾಕ ಹೋದೆ. ಅಕ್ಕ ಕೈ ಅಡ್ಡ ಹಿಡಿದ್ಲು. ಹೊಸ್ತಿಲ ಹೊರಗಾ ನಿಲ್ಲು ಅಂತ ಸನ್ನಿ ಮಾಡಿದ್ಲು. ಕುಂಕುಮದ ಬಟ್ಲು ತಗೊಂಡು ನನ್ನ ಹಣಿಗೆ ಇಟ್ಲು.

"ಕರೀದಿದ್ರೂ ಬರ್ತೀ ಅಂದಿದ್ದ್ಯಲ್ಲ?" ಅಂದೆ.

ಅಕ್ಕ ಕೆಂಪು ಬೊಟ್ಟಿನ ಮ್ಯಾಲ ಬೆರಳು ಇಟ್ಲು. ಒತ್ತಲಿಲ್ಲ. ಬೆರಳು ತೆಗೆದು, ಲ್ಯಾಪ್‌ಟಾಪ್ ಮುಚ್ಚಿಟ್ಲು. ನನ್ನ ಮುಂದ ಬಂದು ನಿಂತ್ಲು. ಬಾಯಿ ತೆರೆದ್ಲು.

ಗಾಳಿ ಇಲ್ಲ, ಸದ್ದಿಲ್ಲ. ತುಟಿ ಅಷ್ಟಾ. ಒಂದು ಸಲ ಕೂಡಿ ಬಿಟ್ಕೊಂಡವು, ದುಂಡಗಾದವು, ಮತ್ತ ಗಟ್ಟಿಯಾಗಿ ಕೂಡಿದವು. ಬಾರೋ ತಮ್ಮಾ. ಮಡಕಶಿರದ ಮಾತಲ್ಲ ಅದು. ನಾನು ಗುಡ್ಡದ ಕಡಿ ಆಟಕ್ಕ ಹೋಗಿ ಕತ್ಲಾದ್ರೂ ಬರದಾಗ, ನಮ್ಮ ರಾಯದುರ್ಗದ ಮನಿ ಮಾಳಗಿ ಮ್ಯಾಲ ನಿಂತ್ಕೊಂಡು ಕೂಗ್ತಿದ್ದ ಮಾತು. ಒಂದಕ್ಷರ ಬಿಡದಂಗ ನನಗ ಕೇಳಿಸ್ತು.

"ಕೇಳಸ್ಲಿಲ್ಲ" ಅಂದೆ.

ಅಕ್ಕ ನನ್ನ ತಲಿಗೆ ಒಂದು ಮೊಟಕಿ, ಮತ್ತ ಕರದ್ಲು.